ಬಾಯ್ಲರ್ ತೊಳೆಯುವ ಪ್ಲಗ್‌ಗೆ ಯಾವ ಥ್ರೆಡ್ ಹಾಕಬೇಕು?

ಹಾಸನ ಜಿಲ್ಲೆಯಲ್ಲಿ ಎರಡು ಥರದ ನೀರಿದೆ. ಸಕಲೇಶಪುರದ ಕಡೆ ಹಳ್ಳದ ನೀರು ಮೆದು. ಸೋಪು ಹಚ್ಚಿದರೆ ನೊರೆ ಬೇಗ ಹೋಗುವುದೇ ಇಲ್ಲ. ಅರಸೀಕೆರೆ ಕಡೆ ಬೋರ್‌ವೆಲ್ ನೀರು ಗಡಸು. ಗೀಸರ್ ಬಿಚ್ಚಿದರೆ ಒಳಗೆ ಕಾಯಿಲ್ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂತಿರುತ್ತದೆ. ಕಡೂರು, ಬೀರೂರಿನವರಿಗೂ ಇದು ಹೊಸ ವಿಷಯವಲ್ಲ.

ಇದೇ ನೀರನ್ನು ಉಗಿಬಂಡಿಯ ಬಾಯ್ಲರ್‌ಗೆ ತುಂಬಿಸಿದರೆ ಏನಾಗುತ್ತದೆ ಅಂತ ಯೋಚನೆ ಮಾಡಿ. ಮೀಟರ್ ಗೇಜ್ ಕಾಲದಲ್ಲಿ ಅರಸೀಕೆರೆ ದೊಡ್ಡ ಜಂಕ್ಷನ್. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವ ಲೈನ್, ಹಾಸನದ ಮೇಲೆ ಮೈಸೂರಿಗೆ ಹೋಗುವ ಲೈನ್, ಎರಡೂ ಅಲ್ಲಿ ಸೇರುತ್ತಿದ್ದವು. ಉಗಿ ಇಂಜಿನ್ ದಿನಕ್ಕೆ ಸಾವಿರಾರು ಲೀಟರ್ ನೀರು ಕುಡಿಯುತ್ತದೆ. ನೀರು ಆವಿಯಾಗಿ ಚಿಮಣಿಯಿಂದ ಹೋಗುತ್ತದೆ. ಅದರಲ್ಲಿದ್ದ ಸುಣ್ಣ, ಮಣ್ಣು, ಉಪ್ಪು ಎಲ್ಲವೂ ಬಾಯ್ಲರ್ ಒಳಗೇ ಉಳಿಯುತ್ತವೆ. ಹೀಗೆ ಉಳಿದದ್ದನ್ನು ತೆಗೆಯೋಕೆ ಅಂತಲೇ ಬಾಯ್ಲರ್ ಮೈಯಲ್ಲಿ ಅಲ್ಲಲ್ಲಿ ತೂತು ಕೊರೆದು, ಅದಕ್ಕೆ ತಿರುಗಿಸಿ ಕೂರಿಸುವ ಪ್ಲಗ್ ಹಾಕಿರುತ್ತಾರೆ. ಇದನ್ನೇ ವಾಶ್‌ಔಟ್ ಪ್ಲಗ್ ಅನ್ನುವುದು.

ನೋಡೋಕೆ ಸಣ್ಣ ವಸ್ತು. ಮುಷ್ಟಿಯಲ್ಲಿ ಹಿಡಿಯುವಷ್ಟು ಗಾತ್ರ, ಮೇಲೆ ಪಾನಾ ಹಾಕೋಕೆ ಚೌಕದ ತಲೆ. ಇದರ ಥ್ರೆಡ್, ಅಂದರೆ ಮೈಮೇಲಿನ ತಿರುಪಿನ ಸುತ್ತು, ಯಾವುದಿರಬೇಕು ಅನ್ನುವ ಪ್ರಶ್ನೆ ಮಾತ್ರ ಅಷ್ಟು ಸಣ್ಣದಲ್ಲ.

ಪ್ಲಗ್ ಎಲ್ಲಿರುತ್ತದೆ?

ಲೋಕೋಮೋಟಿವ್ ಬಾಯ್ಲರ್‌ನ ಹಿಂಭಾಗದಲ್ಲಿ ಫೈರ್‌ಬಾಕ್ಸ್ ಇರುತ್ತದೆ. ಅದು ಒಂದರೊಳಗೊಂದು ಇಟ್ಟ ಎರಡು ಪೆಟ್ಟಿಗೆ. ಒಳಗಿನದರಲ್ಲಿ ಬೆಂಕಿ. ಎರಡರ ನಡುವಿನ ಕಿರಿದಾದ ಸಂದಿಯಲ್ಲಿ ನೀರು. ಎರಡು ಗೋಡೆಗಳನ್ನೂ ನೂರಾರು ಸ್ಟೇ ಬೋಲ್ಟ್‌ಗಳು ಹಿಡಿದಿಟ್ಟಿರುತ್ತವೆ. ಸಂದಿಯ ತಳವನ್ನು ಒಂದು ದಪ್ಪ ಉಕ್ಕಿನ ಚೌಕಟ್ಟು ಮುಚ್ಚಿರುತ್ತದೆ.

ಕೆಸರು ಬಂದು ಕೂರುವುದು ಈ ತಳದಲ್ಲೇ. ಅದಕ್ಕೇ ನಾಲ್ಕು ಕೆಳಮೂಲೆಗಳಲ್ಲೂ ಪ್ಲಗ್ ಇರುತ್ತದೆ. ಫೈರ್‌ಬಾಕ್ಸ್ ಚಾವಣಿಯ ಮಟ್ಟದಲ್ಲಿ ಪಕ್ಕದಿಂದ ಇನ್ನಷ್ಟು ಪ್ಲಗ್. ಮುಂದೆ, ಹೊಗೆ ಕೊಳವೆಗಳ ತುದಿ ಕೂರುವ ಟ್ಯೂಬ್ ಪ್ಲೇಟ್‌ನ ಕೆಳಭಾಗದಲ್ಲಿ ಇನ್ನೊಂದಿಷ್ಟು. ಇವನ್ನು ಸುಮ್ನೆ ಎಲ್ಲಿ ಬೇಕೋ ಅಲ್ಲಿ ಇಟ್ಟಿರುವುದಿಲ್ಲ. ಒಂದು ತೂತಿನಲ್ಲಿ ನೀರಿನ ಪೈಪ್ ತೂರಿಸಿದರೆ ಇನ್ನೊಂದರಲ್ಲಿ ಕೆಸರು ಹೊರಗೆ ಬರಬೇಕು. ಒಂದರಲ್ಲಿ ದೀಪ ಹಿಡಿದರೆ ಇನ್ನೊಂದರಿಂದ ಸ್ಟೇಗಳ ಸಾಲು ಕಾಣಬೇಕು.

ತೊಳೆಯುವ ಕ್ರಮ ಇಷ್ಟು. ಬೆಂಕಿ ಆರಿಸಿ, ಬಾಯ್ಲರ್ ನಿಧಾನಕ್ಕೆ ಆರೋಕೆ ಬಿಡಬೇಕು. ನೀರು ಇಳಿಸಿ, ಎಲ್ಲ ಪ್ಲಗ್ ಬಿಚ್ಚಬೇಕು. ಮೇಲಿನಿಂದ ಶುರು ಮಾಡಿ ಕೆಳಗಿನವರೆಗೆ ಜೋರು ನೀರು ಹೊಡೆಯಬೇಕು, ಜಗ್ಗದ ಪದರವನ್ನು ಸರಳು ಹಾಕಿ ಕೆದಕಬೇಕು. ಅಮೆರಿಕದ ರೈಲ್ವೆ ನಿಯಮದ ಪ್ರಕಾರ ಇಂಜಿನ್ ಕೆಲಸ ಮಾಡಿದ 31 ದಿನಕ್ಕೆ ಒಮ್ಮೆಯಾದರೂ ಇದು ಆಗಲೇಬೇಕು. ನೀರು ಕೆಟ್ಟದಿದ್ದರೆ ಇನ್ನೂ ಬೇಗ. ತೊಳೆಯುವಾಗ ಒಂದೆರಡಲ್ಲ, ಎಲ್ಲ ಪ್ಲಗ್‌ಗಳನ್ನೂ ತೆಗೆಯಬೇಕು ಮತ್ತು ತೆಗೆದಾಗಲೆಲ್ಲ ಥ್ರೆಡ್ ಪರೀಕ್ಷೆ ಮಾಡಬೇಕು ಅಂತಲೂ ಆ ನಿಯಮ ಹೇಳುತ್ತದೆ.

ಇದು ಬರೀ ಶಿಸ್ತಿನ ಮಾತಲ್ಲ. 1995ರ ಜೂನ್‌ನಲ್ಲಿ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ಹತ್ತಿರ ಪ್ರವಾಸಿಗರನ್ನು ಎಳೆಯುತ್ತಿದ್ದ 1278 ನಂಬರಿನ ಉಗಿ ಇಂಜಿನ್‌ನಲ್ಲಿ ಫೈರ್‌ಬಾಕ್ಸ್ ಚಾವಣಿ ಕುಸಿಯಿತು. ಕ್ಯಾಬ್‌ನಲ್ಲಿ, ಅಂದರೆ ಚಾಲಕರು ನಿಲ್ಲುವ ಗೂಡಿನಲ್ಲಿ, ಇದ್ದವರು ಸುಟ್ಟುಕೊಂಡರು. ನೀರು ಚಾವಣಿಗಿಂತ ಕೆಳಗೆ ಹೋಗಿತ್ತು, ಮಟ್ಟ ತೋರಿಸಬೇಕಾದ ಗಾಜಿನ ಕೊಳವೆಗೆ ನೀರು ಹೋಗುವ ದಾರಿ ಪದರ ಕಟ್ಟಿ ಮುಚ್ಚಿಕೊಂಡಿತ್ತು. ನೀರಿನ ಚಿಕಿತ್ಸೆ, ತೊಳೆಯುವ ಕೆಲಸ ಎರಡೂ ಸರಿಯಾಗಿ ಆಗಿರಲಿಲ್ಲ ಅಂತ ತನಿಖೆಯಲ್ಲಿ ಬಂತು. ಅಮೆರಿಕದ ಉಗಿ ಇಂಜಿನ್ ನಿಯಮಗಳನ್ನು 1999ರಲ್ಲಿ ಹೊಸದಾಗಿ ಬರೆಯುವುದರ ಹಿಂದೆ ಈ ಅಪಘಾತದ ಪಾಠವೂ ಇತ್ತು.

ಗಟ್ಟಿತನದ ಪ್ರಶ್ನೆಯೇ ಅಲ್ಲ

ಹಾಸನದ ಯಾವುದಾದರೂ ಲೇತ್ ಶಾಪಿಗೆ ಹೋಗಿ "ಬಾಯ್ಲರ್‌ಗೆ ಒಂದು ಪ್ಲಗ್ ಮಾಡಿಕೊಡಿ ಅಣ್ಣ" ಅಂದರೆ ಬರುವ ಮೊದಲ ಉತ್ತರ ಇದು: "ಪೈಪ್ ಥ್ರೆಡ್ಡೇ ಅಲ್ವಾ ಸಾರ್? ಬಿಎಸ್‌ಪಿ ಟ್ಯಾಪ್ ಇದೆ, ಹೊಡೆದುಬಿಡ್ಲಾ?" (ಬಿಎಸ್‌ಪಿ ಅಂದರೆ ನೀರಿನ ಪೈಪ್‌ಗೆ ಹಾಕುವ ಬ್ರಿಟಿಷ್ ಥ್ರೆಡ್; ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್ ಕತ್ತರಿಸುವ ಉಪಕರಣ.) ಎರಡನೇ ಪ್ರಶ್ನೆ, "ಪ್ರೆಶರ್ ಎಷ್ಟು? ತಡ್ಕೊಳ್ಳುತ್ತಾ?"

ಎರಡನೆಯದಕ್ಕೆ ಮೊದಲು ಉತ್ತರ ಹೇಳೋಣ, ಯಾಕೆಂದರೆ ಅದು ಸುಲಭ. ನಮ್ಮ ಮೀಟರ್ ಗೇಜ್‌ನ ವೈಪಿ, ವೈಜಿ ಇಂಜಿನ್‌ಗಳ ಬಾಯ್ಲರ್ ಒತ್ತಡ ಚದರ ಇಂಚಿಗೆ 210 ಪೌಂಡ್. ಅಂದರೆ ಚದರ ಸೆಂಟಿಮೀಟರ್‌ಗೆ ಸುಮಾರು 14.8 ಕೆ.ಜಿ. ಪ್ಲಗ್‌ನ ವ್ಯಾಸ 50 ಮಿ.ಮೀ. ಅಂದುಕೊಂಡರೆ ಅದರ ಮೇಲೆ ಬೀಳುವ ತಳ್ಳು ಸುಮಾರು 290 ಕೆ.ಜಿ. ಕೇಳೋಕೆ ಜಾಸ್ತಿ ಅನಿಸುತ್ತದೆ. ಆದರೆ ಆ ಗಾತ್ರದ ಗನ್‌ಮೆಟಲ್ (ಒಂದು ಜಾತಿಯ ಕಂಚು) ಥ್ರೆಡ್‌ನ ಒಂದೇ ಒಂದು ಪೂರ್ತಿ ಸುತ್ತು, ಹೊಸದಾಗಿದ್ದರೆ, ಲೆಕ್ಕದಲ್ಲಿ ಅದರ ಎಷ್ಟೋ ಪಟ್ಟು ತಡೆಯುತ್ತದೆ. ಪ್ಲೇಟಿನಲ್ಲಿ ಇಂಥ ಐದಾರು ಸುತ್ತು ಇರುತ್ತವೆ. ಹಾಗಾಗಿ ಹೊಸ ಥ್ರೆಡ್ ಕಿತ್ತು ಬರುವ ಭಯ ಇಲ್ಲ. ಯಾವ ನಮೂನೆ ಹಾಕಿದರೂ ಗಟ್ಟಿತನಕ್ಕೆ ಸಾಕು.

ಭಯ ಇರುವುದು ಹಳೆಯ ಥ್ರೆಡ್‌ದು. ತಿಂಗಳಿಗೊಮ್ಮೆ ಬಿಚ್ಚಿದರೆ 30 ವರ್ಷಕ್ಕೆ 360 ಸಲ ಆಯಿತು. ಪ್ರತಿ ಸಲವೂ ಸ್ವಲ್ಪ ಸವೆಯುತ್ತದೆ. ತೂತಿನ ಅಂಚು ತುಕ್ಕು ಹಿಡಿಯುತ್ತದೆ. ಯಾರೋ ಒಬ್ಬರು ಅಡ್ಡಕ್ಕೆ ತಿರುಗಿಸಿ ಎರಡು ಸುತ್ತು ಹಾಳು ಮಾಡುತ್ತಾರೆ. ಇನ್ನೊಬ್ಬರು ಪಾನಾಗೆ ಉದ್ದ ಪೈಪ್ ಸಿಕ್ಕಿಸಿ ಎಳೆಯುತ್ತಾರೆ. ಪ್ಲಗ್ ಹಾಳಾದರೆ ಇನ್ನೊಂದು ತಿರುಗಿಸಿಕೊಳ್ಳಬಹುದು, ಒಂದು ಹೊತ್ತಿನ ಕೆಲಸ. ತೂತು ಇರುವುದು ಬಾಯ್ಲರ್ ಪ್ಲೇಟಿನಲ್ಲಿ. ಅದನ್ನು ಅಷ್ಟು ಸುಲಭಕ್ಕೆ ಬದಲಾಯಿಸೋಕೆ ಆಗಲ್ಲ. ಥ್ರೆಡ್ ಆಯ್ಕೆ ಮಾಡುವಾಗ ಕೇಳಬೇಕಾದ ಪ್ರಶ್ನೆ ಒಂದೇ: ನೂರಾರು ಸಲ ಬಿಚ್ಚಿ ಹಾಕಿದ ಮೇಲೂ ಆ ತೂತನ್ನು ಯಾವುದು ಉಳಿಸುತ್ತದೆ?

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ ಒತ್ತಡದಲ್ಲಿ ಒಳಗಿನ ನೀರಿನ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್. ಪ್ಲಗ್ ಹಾರಿತು ಅಂದರೆ ಹೊರಗೆ ಚಿಮ್ಮುವ ನೀರಿನ ಸುಮಾರು ಐದನೇ ಒಂದು ಭಾಗ ಅಲ್ಲೇ ಆವಿಯಾಗುತ್ತದೆ, ಆವಿ ನೀರಿಗಿಂತ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಮೂಲೆ ಪ್ಲಗ್‌ಗಳು ಕೆಲವು ಇಂಜಿನ್‌ಗಳಲ್ಲಿ ಕ್ಯಾಬ್ ಒಳಗೇ, ಫೈರ್‌ಮನ್ ಕಾಲ ಹತ್ತಿರ ಇರುತ್ತವೆ. ಸಣ್ಣ ವಸ್ತುವಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಟೇಪರ್ ಮತ್ತು ನೇರ

ಥ್ರೆಡ್‌ನಲ್ಲಿ ಮೊದಲ ಭೇದ ಇದು. ನೇರ ಥ್ರೆಡ್ ಅಂದರೆ ಮಾಮೂಲಿ ಬೋಲ್ಟ್ ಥರ, ತುದಿಯಿಂದ ಬುಡದವರೆಗೆ ಒಂದೇ ವ್ಯಾಸ. ಟೇಪರ್ ಥ್ರೆಡ್‌ನಲ್ಲಿ ತುದಿ ಸಣ್ಣ, ಬುಡ ದಪ್ಪ.

ನೇರ ಥ್ರೆಡ್ ತಾನಾಗಿ ಸೋರಿಕೆ ತಡೆಯುವುದಿಲ್ಲ. ಪ್ಲಗ್ ಸುಲಭವಾಗಿ ತಿರುಗಬೇಕಾದರೆ ಥ್ರೆಡ್‌ಗಳ ನಡುವೆ ಸ್ವಲ್ಪ ಸಡಿಲ ಬೇಕೇ ಬೇಕು. ಆ ಸಡಿಲದಲ್ಲಿ ಸುರುಳಿಯಾಕಾರದ ಸಂದಿ ಉಳಿಯುತ್ತದೆ, ನೀರು ಅದರಲ್ಲೇ ಹತ್ತಿ ಬರುತ್ತದೆ. ಹಾಗಾಗಿ ಪ್ಲಗ್‌ಗೆ ಅಗಲವಾದ ಕಾಲರ್ ಕೊಟ್ಟು, ಕೆಳಗೆ ತಾಮ್ರದ ವಾಶರ್ ಹಾಕಿ ಬಿಗಿಯಬೇಕು. ಹಿಡಿಯೋದು ಥ್ರೆಡ್, ಸೋರಿಕೆ ತಡೆಯೋದು ವಾಶರ್.

ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಎಷ್ಟು ಬಿಗಿದರೂ ತೂತನ್ನು ಅಗಲಿಸುವ ಬಲ ಬೀಳುವುದಿಲ್ಲ. ಪ್ಲೇಟ್ ಬಿರುಕು ಬಿಡುವ ಭಯ ಕಡಿಮೆ. ತೊಂದರೆ ಏನೆಂದರೆ ವಾಶರ್ ಕೂರೋಕೆ ಸಪಾಟಾದ, ಥ್ರೆಡ್‌ಗೆ ಸರಿಯಾಗಿ ಲಂಬವಾಗಿರುವ ಮುಖ ಬೇಕು. ಬಾಯ್ಲರ್‌ನ ಮೂಲೆಯಲ್ಲಿ ಪ್ಲೇಟ್ ಬಾಗಿರುತ್ತದೆ. ಅಲ್ಲಿ ಸಪಾಟು ಮುಖ ಬೇಕಾದರೆ ಒಂದು ದಪ್ಪ ಬುಷ್ (ನಡುವೆ ತೂತಿರುವ ಉಕ್ಕಿನ ಬಳೆ) ವೆಲ್ಡ್ ಮಾಡಿ ಮೆಷಿನ್ ಮಾಡಬೇಕು. ಆ ಮುಖಕ್ಕೆ ಒಂದು ಗೀರು ಬಿದ್ದರೂ ಸೋರುತ್ತದೆ. ಸವೆದ ಥ್ರೆಡ್ ಮೇಲ್ನೋಟಕ್ಕೆ ಗೊತ್ತಾಗುವುದೇ ಇಲ್ಲ, ಯಾಕೆಂದರೆ ವಾಶರ್ ಒಳ್ಳೆಯದಿದ್ದರೆ ಕೆಟ್ಟ ಥ್ರೆಡ್ ಕೂಡ ಸೋರದೆ ಕೂತಿರುತ್ತದೆ. ನನಗೆ ಇದು ಅದರ ಅತಿ ದೊಡ್ಡ ದೋಷ ಅನಿಸುತ್ತದೆ.

ಟೇಪರ್ ಬೆಣೆಯ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ತಿರುಗಿಸಿದಷ್ಟೂ ದಪ್ಪ ಭಾಗ ಒಳಗೆ ಹೋಗುತ್ತದೆ, ಥ್ರೆಡ್‌ನ ಪಕ್ಕೆಗಳು ಒಂದಕ್ಕೊಂದು ಒತ್ತಿ ಸಂದಿ ಮುಚ್ಚುತ್ತವೆ. ವಾಶರ್ ಬೇಡ, ಸಪಾಟು ಮುಖ ಬೇಡ. ಬಾಗಿದ ಮೂಲೆಯಲ್ಲೂ ಕೂರುತ್ತದೆ. ಎಲ್ಲಕ್ಕಿಂತ ಮುಖ್ಯ, ತೂತು ಸವೆದರೆ ಪ್ಲಗ್ ಇನ್ನೊಂಚೂರು ಒಳಗೆ ಹೋಗಿ ಕೂರುತ್ತದೆ. ಸವೆತ ಎಷ್ಟಾಗಿದೆ ಅಂತ ಹೊರಗೆ ಉಳಿದ ಪ್ಲಗ್ ಉದ್ದವೇ ಹೇಳಿಬಿಡುತ್ತದೆ. ರೈಲ್ವೆ ಇಂಜಿನ್‌ಗಳಲ್ಲಿ ಟೇಪರ್ ಪ್ಲಗ್ ಇಷ್ಟು ಬಳಕೆಗೆ ಬಂದಿದ್ದಕ್ಕೆ ಇದೇ ಕಾರಣ.

ಇದರ ಅಪಾಯವೂ ಬೆಣೆಯಲ್ಲೇ ಇದೆ. ಉದ್ದ ಹಿಡಿಯ ಪಾನಾ ಹಾಕಿ ಎಳೆದರೆ ತೂತಿನ ಸುತ್ತ ಪ್ಲೇಟ್ ಹಿಗ್ಗುತ್ತದೆ. ಮೂಲೆಯಲ್ಲಿ ಬಾಗಿಸುವಾಗಲೇ ಪ್ಲೇಟ್ ಒತ್ತಡ ತಿಂದಿರುತ್ತದೆ. ಅಲ್ಲಿಂದ ಕೂದಲೆಳೆಯ ಬಿರುಕು ಶುರುವಾಗಬಹುದು.

ಎಷ್ಟು ಟೇಪರ್?

ನಮ್ಮ ಜಿಐ ಪೈಪ್‌ನ ಬಿಎಸ್‌ಪಿ ಟೇಪರ್ 16ಕ್ಕೆ 1. ಅಂದರೆ 16 ಮಿ.ಮೀ. ಉದ್ದಕ್ಕೆ ವ್ಯಾಸ 1 ಮಿ.ಮೀ. ಹೆಚ್ಚಾಗುತ್ತದೆ. ಅಮೆರಿಕದ ಪೈಪ್ ಥ್ರೆಡ್ ಆದ ಎನ್‌ಪಿಟಿಯಲ್ಲೂ ಇದೇ ಪ್ರಮಾಣ, ಅವರ ಭಾಷೆಯಲ್ಲಿ ಅಡಿಗೆ ಮುಕ್ಕಾಲು ಇಂಚು. ಅಮೆರಿಕದ ಬಾಯ್ಲರ್ ಪ್ಲಗ್‌ಗಳಲ್ಲಿ ಅಡಿಗೆ ಒಂದೂಕಾಲು ಇಂಚಿನ ಕಡಿದಾದ ಟೇಪರ್ ಕೂಡ ಸಿಗುತ್ತದೆ, ಅದು ಹೆಚ್ಚುಕಡಿಮೆ 10ಕ್ಕೆ 1.

ಇದರ ಪರಿಣಾಮ ಲೆಕ್ಕ ಹಾಕಿದರೆ ಚೆನ್ನಾಗಿ ಗೊತ್ತಾಗುತ್ತದೆ. ಇಂಚಿಗೆ 11 ಥ್ರೆಡ್ ಇದ್ದರೆ ಒಂದು ಸುತ್ತಿಗೆ ಪ್ಲಗ್ 2.309 ಮಿ.ಮೀ. ಒಳಗೆ ಹೋಗುತ್ತದೆ. 16ಕ್ಕೆ 1ರ ಟೇಪರ್‌ನಲ್ಲಿ ಆ ಒಂದು ಸುತ್ತಿಗೆ ವ್ಯಾಸದ ವ್ಯತ್ಯಾಸ 0.144 ಮಿ.ಮೀ. ತೂತು ವ್ಯಾಸದಲ್ಲಿ ಅರ್ಧ ಮಿ.ಮೀ. ಸವೆದಿದೆ ಅಂದುಕೊಳ್ಳಿ. ಪ್ಲಗ್ 8 ಮಿ.ಮೀ. ಹೆಚ್ಚು ಒಳಗೆ ಹೋದರೆ ಮಾತ್ರ ಬಿಗಿಯಾಗುತ್ತದೆ, ಅಂದರೆ ಮೂರೂವರೆ ಸುತ್ತು ಜಾಸ್ತಿ. ಟೇಪರ್ 8ಕ್ಕೆ 1 ಇದ್ದಿದ್ದರೆ ಅದೇ ಸವೆತಕ್ಕೆ 4 ಮಿ.ಮೀ. ಸಾಕಿತ್ತು.

ಹಾಗಾದರೆ ಕಡಿದಾದ ಟೇಪರ್ ಒಳ್ಳೆಯದು ಅಲ್ವಾ? ಪೂರ್ತಿ ಹಾಗಲ್ಲ. ಕಡಿದಾದದ್ದು ಬೇಗ ಕೂರುತ್ತದೆ, ಬೇಗ ಬಿಚ್ಚುತ್ತದೆ, ಸವೆದರೂ ಹೆಚ್ಚು ಒಳಗೆ ಹೋಗುವುದಿಲ್ಲ. ಆದರೆ ಸಣ್ಣ ಕದಲಿಕೆಗೂ ಬೇಗ ಸಡಿಲ ಆಗುತ್ತದೆ. ನಿಧಾನದ ಟೇಪರ್ ಗಟ್ಟಿಯಾಗಿ ಹಿಡಿಯುತ್ತದೆ, ಒಮ್ಮೊಮ್ಮೆ ಬಿಡುವುದೇ ಇಲ್ಲ. ಹೊಸ ಬುಷ್ ಹಾಕಿ ಮೊದಲಿನಿಂದ ಶುರು ಮಾಡುವವರಿಗೆ ನನ್ನ ಮಾತು 16ಕ್ಕೆ 1. ಅದರ ಟ್ಯಾಪ್, ರೀಮರ್, ಗೇಜ್ ಎಲ್ಲ ಸುಲಭಕ್ಕೆ ಸಿಗುತ್ತವೆ. ಹತ್ತು ವರ್ಷದ ನಂತರ ಬರುವ ಮೆಕ್ಯಾನಿಕ್‌ಗೂ ಸಿಗುತ್ತವೆ. ಸಿಗದ ಟ್ಯಾಪ್‌ನ ಥ್ರೆಡ್ ಎಷ್ಟು ಚೆನ್ನಾಗಿದ್ದರೆ ಏನು ಬಂತು?

ಹಳೆಯ ಬಾಯ್ಲರ್ ಆದರೆ ಆಯ್ಕೆಯ ಮಾತೇ ಇಲ್ಲ. ಅದರಲ್ಲಿ ಏನಿದೆಯೋ ಅದನ್ನೇ ಅಳೆದು ಅದನ್ನೇ ಮಾಡಬೇಕು. 10ಕ್ಕೆ 1ರ ತೂತಿಗೆ 16ಕ್ಕೆ 1ರ ಪ್ಲಗ್ ಹಾಕಿದರೆ ಒಳತುದಿಯ ಒಂದೆರಡು ಸುತ್ತು ಮಾತ್ರ ತಾಗುತ್ತದೆ, ಉಳಿದದ್ದು ಗಾಳಿಯಲ್ಲಿ. ಹೊರಗಿನಿಂದ ನೋಡಿದರೆ ಗಟ್ಟಿಯಾಗಿ ಕೂತ ಹಾಗೇ ಇರುತ್ತದೆ.

ಇದೇ ಮೋಸ ಜಿಐ ಪೈಪ್ ಕೆಲಸದಲ್ಲೂ ಇದೆ. ನಲ್ಲಿ ಕೆಲಸದ ಸಾಕೆಟ್‌ಗಳ ಒಳಗಿನ ಥ್ರೆಡ್ ಎಷ್ಟೋ ಸಲ ನೇರ, ಪೈಪಿನದು ಟೇಪರ್. ಮನೆಯ ಟ್ಯಾಂಕಿನ ನೀರಿಗೆ ಅದು ಸಾಕು, ಟೇಪ್ ಸುತ್ತಿ ಬಿಗಿದರೆ ಮುಗಿಯಿತು. ಐಎಸ್ 554 ಅನ್ನುವ ನಮ್ಮ ಪೈಪ್ ಥ್ರೆಡ್ ಮಾನದಂಡವೇ ಅದಕ್ಕೆ ಅವಕಾಶ ಕೊಡುತ್ತದೆ. ಬಾಯ್ಲರ್‌ಗೆ ಹಾಗೆ ಮಾಡಬೇಡಿ. ತೂತೂ ಟೇಪರ್, ಪ್ಲಗ್ಗೂ ಟೇಪರ್, ಎರಡೂ ಒಂದೇ ಕೋನದಲ್ಲಿ ಇರಬೇಕು. ಹಾರ್ಡ್‌ವೇರ್ ಅಂಗಡಿಯ ಜಿಐ ಪ್ಲಗ್ ತಂದು ಹಾಕುವ ಯೋಚನೆ ಇದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

55 ಮತ್ತು 60, 11 ಮತ್ತು 12

ಇನ್ನು ಥ್ರೆಡ್‌ನ ಆಕಾರ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಒಂದು ಮಾನದಂಡ ಮುಂದಿಟ್ಟರು. ಥ್ರೆಡ್‌ನ ಎರಡು ಪಕ್ಕೆಗಳ ನಡುವಿನ ಕೋನ 55 ಡಿಗ್ರಿ, ತುದಿ ಮತ್ತು ಬುಡ ಎರಡೂ ದುಂಡು. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ, ತುದಿ ಚಪ್ಪಟೆ ಇರುವ ಥ್ರೆಡ್ ಸೂಚಿಸಿದರು. ಅದನ್ನು ಕತ್ತರಿಸುವುದು ಸುಲಭ. ಬ್ರಿಟಿಷ್ ಪೈಪ್ ಥ್ರೆಡ್ ಮೊದಲನೆಯದರ ವಂಶ, ಎನ್‌ಪಿಟಿ 60 ಡಿಗ್ರಿಯ ವಂಶ.

ಬಾಯ್ಲರ್ ಪ್ಲಗ್‌ಗೆ ದುಂಡು ಆಕಾರದಿಂದ ಲಾಭ ಇದೆ. ಚೂಪಾದ ಬುಡದಲ್ಲಿ ಬಿರುಕು ಹುಟ್ಟುವ ಸಾಧ್ಯತೆ ಹೆಚ್ಚು, ದುಂಡಾದಲ್ಲಿ ಕಡಿಮೆ. ಚೂಪು ತುದಿ ಬಿಚ್ಚಿ ಹಾಕುವಾಗ ಬೇಗ ಜಜ್ಜುತ್ತದೆ. ಚಪ್ಪಟೆ ತುದಿಯ ಥ್ರೆಡ್‌ನಲ್ಲಿ ತುದಿಗೂ ಬುಡಕ್ಕೂ ನಡುವೆ ಸಣ್ಣ ಸಂದಿ ಉಳಿದು, ಅದನ್ನು ತುಂಬೋಕೆ ಪೇಸ್ಟ್ ಮೇಲೆ ಹೆಚ್ಚು ನಂಬಬೇಕಾಗುತ್ತದೆ. ಹಾಗಂತ 60 ಡಿಗ್ರಿಯದು ಕೆಟ್ಟದ್ದಲ್ಲ. ಅಮೆರಿಕದ ಇಂಜಿನ್‌ಗಳು ಅದರಲ್ಲೇ ಲಕ್ಷಾಂತರ ಮೈಲಿ ಓಡಿವೆ.

ಇಂಚಿಗೆ ಎಷ್ಟು ಥ್ರೆಡ್ ಅನ್ನುವುದು ನಿಜಕ್ಕೂ ತಲೆನೋವಿನ ಜಾಗ. ಬಿಎಸ್‌ಪಿಯಲ್ಲಿ 1 ಇಂಚು ಮತ್ತು ಅದಕ್ಕಿಂತ ದೊಡ್ಡ ಗಾತ್ರಕ್ಕೆ ಇಂಚಿಗೆ 11. ಎನ್‌ಪಿಟಿಯಲ್ಲಿ 1ರಿಂದ 2 ಇಂಚಿನವರೆಗೆ ಹನ್ನೊಂದೂವರೆ. ಅಮೆರಿಕದ ಬಾಯ್ಲರ್ ಕೆಲಸದಲ್ಲಿ ಸಾಮಾನ್ಯವಾಗಿ 12. ಮೂರನ್ನೂ ಕಣ್ಣಲ್ಲಿ ನೋಡಿ ಬೇರೆ ಮಾಡೋಕೆ ಆಗಲ್ಲ. 11ರ ತೂತಿಗೆ ಹನ್ನೊಂದೂವರೆಯ ಪ್ಲಗ್ ಮೊದಲ ಎರಡು ಸುತ್ತು ಆರಾಮಾಗಿ ಹೋಗುತ್ತದೆ. ಪ್ರತಿ ಸುತ್ತಿಗೂ 0.1 ಮಿ.ಮೀ. ವ್ಯತ್ಯಾಸ ಸೇರುತ್ತಾ ಹೋಗಿ, ಏಳನೇ ಸುತ್ತಿಗೆ ಒಂದು ಪಿಚ್‌ನ (ಪಕ್ಕಪಕ್ಕದ ಎರಡು ಸುತ್ತುಗಳ ನಡುವಿನ ದೂರ) ಮೂರನೇ ಒಂದು ಭಾಗದಷ್ಟಾಗುತ್ತದೆ. ಅಷ್ಟರಲ್ಲಿ ಪ್ಲಗ್ ಬಿಗಿಯಾಗಿರುತ್ತದೆ. ಅದು ಟೇಪರ್‌ನ ಬಿಗಿಯಲ್ಲ, ಹೊಂದದ ಥ್ರೆಡ್ ಒಂದನ್ನೊಂದು ಕಡಿಯುವ ಬಿಗಿ. ಸಣ್ಣ ಗಾತ್ರಗಳಲ್ಲಿ ಇನ್ನೂ ಕಷ್ಟ. ಅರ್ಧ ಮತ್ತು ಮುಕ್ಕಾಲು ಇಂಚಿಗೆ ಬಿಎಸ್‌ಪಿ, ಎನ್‌ಪಿಟಿ ಎರಡರಲ್ಲೂ ಇಂಚಿಗೆ 14. ಕೋನ ಮಾತ್ರ ಬೇರೆ. ಪೂರ್ತಿ ತಿರುಗುತ್ತದೆ, ಆಮೇಲೆ ಸೋರುತ್ತದೆ.

ನಮ್ಮ ದೇಶದಲ್ಲಿ ಈ ಗೊಂದಲಕ್ಕೆ ಜಾಗ ಜಾಸ್ತಿ. ವೈಪಿ ಇಂಜಿನ್‌ಗಳನ್ನೇ ತೆಗೆದುಕೊಳ್ಳಿ. ಅಮೆರಿಕದ ಬಾಲ್ಡ್‌ವಿನ್, ಸ್ಕಾಟ್ಲೆಂಡಿನ ನಾರ್ತ್ ಬ್ರಿಟಿಷ್, ಜರ್ಮನಿಯ ಕ್ರೌಸ್ ಮಾಫೈ, ಜಮ್‌ಶೆಡ್‌ಪುರದ ಟೆಲ್ಕೊ, ನಾಲ್ಕೂ ಕಡೆ ತಯಾರಾಗಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಮೀಟರ್ ಗೇಜ್ ಇಂಜಿನ್‌ಗಳೂ ಇಲ್ಲಿಗೆ ಬಂದವು. ಅದರ ಮೇಲೆ ದಶಕಗಟ್ಟಲೆ ರಿಪೇರಿ. ಹಾಗಾಗಿ ಬಾಯ್ಲರ್ ಮೇಲಿನ ತಯಾರಕರ ಫಲಕ ನೋಡಿ ಥ್ರೆಡ್ ಊಹೆ ಮಾಡಬಾರದು. ಒಂದೇ ಬಾಯ್ಲರ್‌ನಲ್ಲಿ ಒಂದು ಮೂಲೆಯದು ಮೂಲ ಥ್ರೆಡ್, ಇನ್ನೊಂದು ಮೂಲೆಯದು ಆಮೇಲೆ ಯಾರೋ ಹಾಕಿದ ಥ್ರೆಡ್ ಇರಬಹುದು. ಪಿಚ್ ಗೇಜ್ ಹಿಡಿದು ಒಂದೊಂದೇ ತೂತು ನೋಡಬೇಕು. ತೂತಿನ ಒಳಗೆ ಗೇಜ್ ಹಿಡಿಯೋಕೆ ಆಗದಿದ್ದರೆ ಮೇಣ ಒತ್ತಿ ಅಚ್ಚು ತೆಗೆದು ಅಳೆಯಬಹುದು.

ಇನ್ನಷ್ಟು ಸಣ್ಣ ಪಿಚ್ ಹಾಕಿದರೆ ಪ್ಲೇಟಿನಲ್ಲಿ ಹೆಚ್ಚು ಸುತ್ತು ಸಿಗುತ್ತವಲ್ಲ ಅಂತ ಕೆಲವರು ಕೇಳುತ್ತಾರೆ. ನಿಜ. 16 ಮಿ.ಮೀ. ಪ್ಲೇಟಿನಲ್ಲಿ ಇಂಚಿಗೆ 11ರ ಥ್ರೆಡ್ ಏಳಕ್ಕೆ ಸ್ವಲ್ಪ ಕಡಿಮೆ ಸುತ್ತು ಕೊಡುತ್ತದೆ, 12.7 ಮಿ.ಮೀ. ಪ್ಲೇಟಿನಲ್ಲಿ ಐದೂವರೆ. ಪಿಚ್ ಸಣ್ಣದಾದರೆ ಸುತ್ತು ಹೆಚ್ಚುತ್ತವೆ, ಆದರೆ ಥ್ರೆಡ್‌ನ ಆಳ ಕಡಿಮೆಯಾಗುತ್ತದೆ. ಅದೇ ಸವೆತಕ್ಕೆ ಆಳದ ಥ್ರೆಡ್‌ನಲ್ಲಿ ಅರ್ಧ ಉಳಿದಿದ್ದರೆ, ಸಣ್ಣದರಲ್ಲಿ ಏನೂ ಉಳಿದಿರುವುದಿಲ್ಲ. ನೂರಾರು ಸಲ ಬಿಚ್ಚುವ ಜಾಗಕ್ಕೆ 11, 12ರ ಆಸುಪಾಸೇ ಸರಿ.

ಸುತ್ತು ಎಣಿಸುವಾಗ ಒಂದು ಎಚ್ಚರಿಕೆ. ಮೂಲೆಯಲ್ಲಿ ಪ್ಲೇಟ್ ಬಾಗಿರುವುದರಿಂದ ತೂತಿನ ಒಂದು ಪಕ್ಕ ಆಳ, ಇನ್ನೊಂದು ಪಕ್ಕ ತೆಳು. ಆಳದ ಪಕ್ಕದಲ್ಲಿ ಎಂಟು ಸುತ್ತು ಕಂಡರೂ ಸುತ್ತಲೂ ಪೂರ್ತಿ ಇರುವುದು ನಾಲ್ಕೇ ಇರಬಹುದು. ಲೆಕ್ಕಕ್ಕೆ ಬರುವುದು ಆ ನಾಲ್ಕು.

ಲೋಹ

ಪ್ಲಗ್ ಗನ್‌ಮೆಟಲ್ ಅಥವಾ ಕಂಚಿನದು ಇರಲಿ. ಉಕ್ಕಿಗೆ ಉಕ್ಕು ಹಾಕಿದರೆ ಎರಡೂ ತುಕ್ಕು ಹಿಡಿದು ಒಂದೇ ಆಗುತ್ತವೆ. ಬಿಚ್ಚುವಾಗ ತೂತಿನ ಥ್ರೆಡ್ ಕಿತ್ತು ಬರುತ್ತದೆ. ಕಂಚು ಮೆದು, ಆದ್ದರಿಂದ ಸವೆಯುವುದು ಪ್ಲಗ್, ಉಳಿಯುವುದು ಪ್ಲೇಟ್. ಸಾಮಾನ್ಯ ಹಿತ್ತಾಳೆ ಬೇಡ. ಬಿಸಿನೀರಿನಲ್ಲಿ ಅದರ ಸತು ಕರಗಿ ಹೋಗಿ, ಉಳಿದ ತಾಮ್ರ ಸ್ಪಂಜಿನಂತೆ ಟೊಳ್ಳಾಗುತ್ತದೆ. ಹಳೆಯ ಪಾತ್ರೆ ಕರಗಿಸಿ ಎರಕ ಹೊಯ್ದು ಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಬೇಡ ಅನ್ನಿ.

ಕಂಚಿನಿಂದ ಇನ್ನೊಂದು ಉಪಕಾರ ಇದೆ. ಅದು ಬಿಸಿಗೆ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. 50 ಮಿ.ಮೀ. ಪ್ಲಗ್ 180 ಡಿಗ್ರಿ ಬಿಸಿ ಏರಿದರೆ ತೂತಿಗಿಂತ ಸುಮಾರು 0.05 ಮಿ.ಮೀ. ಹೆಚ್ಚು ದಪ್ಪವಾಗುತ್ತದೆ. ತಾನಾಗಿ ಬಿಗಿಯಾಗುತ್ತದೆ. ತಣ್ಣಗಿದ್ದಾಗ ಹದವಾಗಿ ಬಿಗಿದ ಪ್ಲಗ್‌ಗೆ ಮತ್ತೆ ಬಲ ಹಾಕುವ ಅಗತ್ಯ ಇಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ. ಬಿಚ್ಚುವ ಮುಂಚೆ ಬಾಯ್ಲರ್ ಪೂರ್ತಿ ಆರಬೇಕು ಅನ್ನುವುದಕ್ಕೂ ಇದೇ.

ಫೈರ್‌ಬಾಕ್ಸ್ ಚಾವಣಿಯಲ್ಲಿ ಸೀಸ ತುಂಬಿದ ಇನ್ನೊಂದು ಪ್ಲಗ್ ಇರುತ್ತದೆ. ನೀರು ಕೆಳಗಿಳಿದರೆ 327 ಡಿಗ್ರಿಗೆ ಸೀಸ ಕರಗಿ ಎಚ್ಚರಿಸುತ್ತದೆ. ಅದೂ ಥ್ರೆಡ್ ಇರುವ ಪ್ಲಗ್ಗೇ, ಆದರೆ ಅದರ ಕೆಲಸ ಬೇರೆ. ಇದರ ಜಾಗಕ್ಕೆ ಅದನ್ನು, ಅದರ ಜಾಗಕ್ಕೆ ಇದನ್ನು ಹಾಕಬಾರದು.

ಟ್ಯಾಪ್ ಕೈಗೆ ತೆಗೆದುಕೊಳ್ಳುವ ಮುಂಚೆ

ತೊಳೆದಾಗಲೆಲ್ಲ ತೂತಿಗೆ ಟ್ಯಾಪ್ ಹೊಡೆಯುವ ಅಭ್ಯಾಸ ಕೆಲವರಿಗಿದೆ. ಥ್ರೆಡ್ ಹೊಳೆಯುತ್ತದೆ, ನೋಡೋಕೆ ಚಂದ. ಪ್ರತಿ ಸಲವೂ ಪ್ಲೇಟಿನಿಂದ ಒಂದು ಪದರ ಹೋಗುತ್ತದೆ. ಮಾಮೂಲಿ ಪದರಕ್ಕೆ ತಂತಿ ಬ್ರಷ್ ಸಾಕು. ಥ್ರೆಡ್ ಜಜ್ಜಿದ್ದರೆ ಅಥವಾ ತೂತು ಅಂಡಾಕಾರ ಆಗಿದ್ದರೆ ಮಾತ್ರ ಟ್ಯಾಪ್. ಅದೂ ಟೇಪರ್ ಟ್ಯಾಪ್, ನೇರವಾಗಿ ಹಿಡಿದು, ಬೇಕಾದಷ್ಟೇ.

ಹಾಗೆ ಸರಿ ಮಾಡಿದ ತೂತಿಗೆ ಹಳೆಯ ಪ್ಲಗ್ ಆಳಕ್ಕೆ ಹೋಗುತ್ತದೆ. ಚೌಕದ ತಲೆ ಪ್ಲೇಟಿಗೆ ತಾಗುವಂತಾದರೆ ಅದು ಬಿಗಿಯಾಗಿದೆ ಅಂತ ಅರ್ಥವಲ್ಲ, ತಲೆ ತಾಗಿ ನಿಂತಿದೆ ಅಂತ ಅರ್ಥ. ಆಗ ಒಂದು ಗಾತ್ರ ದೊಡ್ಡ ಪ್ಲಗ್ ಬೇಕು. ಅದಕ್ಕೇ ಶೆಡ್‌ಗಳಲ್ಲಿ ಒಂದೇ ಟೇಪರ್‌ನ ಬೇರೆ ಬೇರೆ ಗಾತ್ರದ ಪ್ಲಗ್‌ಗಳನ್ನು ಇಟ್ಟುಕೊಳ್ಳುವುದು. ದೊಡ್ಡದು ಮಾಡುತ್ತಾ ಹೋಗೋಕೂ ಮಿತಿ ಇದೆ. ಆ ಮಿತಿ ದಾಟಿದರೆ ತೂತನ್ನು ದೊಡ್ಡದಾಗಿ ಕೊರೆದು ಹೊಸ ಬುಷ್ ವೆಲ್ಡ್ ಮಾಡಿ, ಮೊದಲಿನ ಗಾತ್ರಕ್ಕೆ ವಾಪಸ್ ಬರಬೇಕು. ಅದು ಬಾಯ್ಲರ್ ವೆಲ್ಡಿಂಗ್‌ಗೆ ಅರ್ಹತೆ ಪಡೆದ ವೆಲ್ಡರ್ ಕೆಲಸ. ಗೇಟು, ಗ್ರಿಲ್ ಮಾಡುವವರಿಂದ ಮಾಡಿಸುವ ಕೆಲಸ ಅಲ್ಲ.

ನಮ್ಮ ಜಿಲ್ಲೆಯಲ್ಲಿ ಈಗ ಉಗಿಬಂಡಿ ಇಲ್ಲ. ಹಾಸನದಿಂದ ಮಂಗಳೂರಿಗೆ ಘಟ್ಟ ಇಳಿಯುವ ಲೈನೂ ಬ್ರಾಡ್ ಗೇಜ್ ಆಗಿದೆ. ಹತ್ತಿರದಲ್ಲಿ ಉಗಿ ಇಂಜಿನ್ ಕೆಲಸ ಮಾಡುವುದನ್ನು ನೋಡಬೇಕಾದರೆ ನೀಲಗಿರಿ ರೈಲಿಗೆ ಹೋಗಬೇಕು, ನಿಂತ ಇಂಜಿನ್ ನೋಡೋಕೆ ಮೈಸೂರಿನ ರೈಲು ಮ್ಯೂಸಿಯಂ ಇದೆ. ಆದರೆ ಬಾಯ್ಲರ್ ಎಲ್ಲಿ ಹೋಗಿದೆ? ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿ, ಡೈರಿ, ಗಾರ್ಮೆಂಟ್ಸ್, ಎಲ್ಲ ಕಡೆ ಇದೆ. ತೊಳೆಯುವ ಬಾಗಿಲು, ಪ್ಲಗ್ ಅಲ್ಲೂ ಇವೆ. ಅವುಗಳಿಗೆ ಬಾಯ್ಲರ್ ಇನ್ಸ್‌ಪೆಕ್ಟರ್ ಇದ್ದಾರೆ, ಕಾನೂನು ಇದೆ. 1923ರ ಹಳೆಯ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಪ್ಲೇಟಿನ ತೂತಿನ ಗಾತ್ರ, ಥ್ರೆಡ್ ಅಥವಾ ಬುಷ್ ಬದಲಾಯಿಸುವ ಮುಂಚೆ ಅವರ ಒಪ್ಪಿಗೆ ಪಡೆಯಿರಿ. ಆಮೇಲೆ ಹೇಳಿದರೆ ಆಯಿತು ಅನ್ನುವ ವಿಷಯ ಅಲ್ಲ ಇದು.

ಕೂರಿಸುವುದು

ಹೊಸ ಪ್ಲಗ್ ತೂತಿಗೆ ಹೊಂದುತ್ತದೋ ಇಲ್ಲವೋ ಅಂತ ನೋಡೋಕೆ ನೀಲಿ ಹಚ್ಚುವ ಹಳೆಯ ವಿಧಾನಕ್ಕಿಂತ ಒಳ್ಳೆಯದು ಇಲ್ಲ. ಪ್ಲಗ್‌ನ ಥ್ರೆಡ್‌ಗೆ ತೆಳುವಾಗಿ ಗುರುತು ಹಾಕುವ ನೀಲಿ ಬಣ್ಣದ ಪೇಸ್ಟ್ ಸವರಿ, ಕೈಯಲ್ಲಿ ತಿರುಗಿಸಿ ಕೂರಿಸಿ, ವಾಪಸ್ ಬಿಚ್ಚಿ ನೋಡಿ. ಪೂರ್ತಿ ಉದ್ದಕ್ಕೂ, ಸುತ್ತಲೂ ನೀಲಿ ಒರೆಸಿಕೊಂಡಿದ್ದರೆ ಟೇಪರ್ ಹೊಂದಿದೆ. ತುದಿಯಲ್ಲಿ ಮಾತ್ರ ಅಥವಾ ಬುಡದಲ್ಲಿ ಮಾತ್ರ ಒರೆಸಿಕೊಂಡಿದ್ದರೆ ಟೇಪರ್ ಬೇರೆ. ಒಂದೇ ಪಕ್ಕಕ್ಕೆ ಒರೆಸಿಕೊಂಡಿದ್ದರೆ ತೂತು ಓರೆಯಾಗಿದೆ ಅಥವಾ ಅಂಡಾಕಾರ ಆಗಿದೆ.

ಕೂರಿಸುವಾಗ ಥ್ರೆಡ್‌ಗೆ ಎಣ್ಣೆಯಲ್ಲಿ ಕಲಸಿದ ಗ್ರಾಫೈಟ್ ಹಚ್ಚಿದರೆ ಸಾಕು. ಮುಂದಿನ ಸಲ ಬಿಚ್ಚೋಕೂ ಸುಲಭ. ಬಿಳಿ ಟೆಫ್ಲಾನ್ ಟೇಪ್ ಸುತ್ತುವುದು ನನಗೆ ಒಪ್ಪಿಗೆ ಇಲ್ಲ. ಅದು ಆ ಬಿಸಿಗೆ ಕರಗುವುದಿಲ್ಲ, ನಿಜ. ಆದರೆ ಜಾರಿಕೆ ಎಷ್ಟು ಕೊಡುತ್ತದೆ ಅಂದರೆ ಪ್ಲಗ್ ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚು ಹೋಗಿಬಿಡುತ್ತದೆ. ಹೊಂದದ ಥ್ರೆಡ್ಡನ್ನೂ ಮುಚ್ಚಿ ಹಾಕುತ್ತದೆ. ಸೋರಬೇಕಾದದ್ದು ಸೋರಲಿ, ಆಗ ತಾನೇ ಗೊತ್ತಾಗೋದು.

ಮೊದಲ ಮೂರು ಸುತ್ತು ಕೈಯಲ್ಲೇ ಹೋಗಬೇಕು. ಹೋಗದಿದ್ದರೆ ಪಾನಾ ಮುಟ್ಟಬೇಡಿ, ಅಡ್ಡ ಕೂತಿದೆ ಅಂತಲೇ ಅರ್ಥ. ಪ್ರತಿ ಪ್ಲಗ್ ತಲೆಯ ಮೇಲೆ ಅದರ ತೂತಿನ ನಂಬರ್ ಹೊಡೆದಿಡಿ. ಜೊತೆಗೆ ಕೂತು ಸವೆದವು ಜೊತೆಗೇ ಇರಲಿ. ಕೂತ ಮೇಲೆ ಹೊರಗೆ ಎಷ್ಟು ಉಳಿದಿದೆ ಅಂತ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳಿ. ಆಮೇಲೆ ಬೆಂಕಿ ಹಾಕುವ ಮುಂಚೆ ತಣ್ಣೀರು ತುಂಬಿ ಒತ್ತಡದ ಪರೀಕ್ಷೆ. ಗಾಳಿ ತುಂಬಿ ಯಾವತ್ತೂ ಪರೀಕ್ಷೆ ಮಾಡಬಾರದು. ನೀರು ಕುಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಕುಗ್ಗುತ್ತದೆ, ಹಾಗಾಗಿ ಏನಾದರೂ ಬಿಟ್ಟುಕೊಂಡರೆ ಒತ್ತಡ ಥಟ್ ಅಂತ ಇಳಿಯುತ್ತದೆ. ಗಾಳಿ ಹಾಗಲ್ಲ, ಸಿಡಿಯುತ್ತದೆ.

ಉಗಿ ಏರಿದ ಮೇಲೆ ಒಂದು ಪ್ಲಗ್ ಹತ್ತಿರ ಹನಿ ಕಂಡರೆ ಪಾನಾ ತೆಗೆದುಕೊಂಡು ಓಡಬೇಡಿ. ಒತ್ತಡ ಇರುವಾಗ ಪ್ಲಗ್ ಬಿಗಿಯುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಸೋರುತ್ತಿದೆ ಅಂದರೆ ಥ್ರೆಡ್ ಎಲ್ಲೋ ಹಿಡಿದಿಲ್ಲ ಅಂತ. ಅಂಥದ್ದನ್ನು ತಿರುಗಿಸಿದರೆ ಉಳಿದ ಹಿಡಿತವೂ ಹೋಗಬಹುದು, ಮುಖ ಅದರ ಎದುರಿಗೇ ಇರುತ್ತದೆ. ಬೆಂಕಿ ತೆಗೆದು, ಒತ್ತಡ ಸೊನ್ನೆಗೆ ಇಳಿಸಿ, ಆರಿದ ಮೇಲೆ ಬಿಚ್ಚಿ ನೋಡಿ. ಥ್ರೆಡ್ ಸಂದಿಯಲ್ಲಿ ಕಸ ಸಿಕ್ಕಿದ್ದರೆ ಒರೆಸಿ ಹಾಕಿ. ಅದೇ ತೂತು ಇನ್ನೊಂದು ಸಲ ಸೋರಿದರೆ ಮತ್ತೆ ನೀಲಿ ಹಚ್ಚಿ, ಪುಸ್ತಕದಲ್ಲಿ ಬರೆದ ಅಳತೆ ಜೊತೆ ಹೋಲಿಸಿ. ಎಷ್ಟು ದೊಡ್ಡ ಪ್ಲಗ್ ಬೇಕು, ಅಥವಾ ಬುಷ್‌ಗೆ ಕಾಲ ಬಂತೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.